‘ಒಂದು ಒಳ್ಳೆ ಪುಸ್ತಕ ಹೇಳಿ’ ಎಂದವರಿಗೆ ಏನು ಹೇಳುವುದು? ಓದಿದ್ದನ್ನು ಹಂಚಿಕೊಳ್ಳುವವರಿಗೊಂದು ಮಾರ್ಗದರ್ಶಿ

ತಿಂಗಳಿಗೆ ನಾಲ್ಕೈದು ಸಲವಾದರೂ ಎರಡು ಪ್ರಶ್ನೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಒಂದು: “ಒಂದು ಒಳ್ಳೆ ಪುಸ್ತಕ ಹೇಳಿ.” ಇನ್ನೊಂದು: “ಬೆಂಗಳೂರಲ್ಲಿ ಕನ್ನಡ ಓದೋರು ಎಲ್ಲಿ ಸಿಗ್ತಾರೆ? ಓದಿದ್ದನ್ನ ಯಾರ ಹತ್ರ ಮಾತಾಡೋದು?” ಮೊದಲನೆಯದಕ್ಕೆ ಯಾವುದೋ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ವರ್ಷಗಟ್ಟಲೆ ನಾನು ಮಾಡಿದ್ದೂ ಅದನ್ನೇ. ಹಾಗೆ ಹೇಳಿದ ಪುಸ್ತಕಗಳಲ್ಲಿ ಹೆಚ್ಚಿನವನ್ನು ಯಾರೂ ಓದಲಿಲ್ಲ. ಕೆಲವರು ಕೊಂಡು ತಂದು ಮೂವತ್ತನೇ ಪುಟಕ್ಕೆ ಕಾಗದ ಸಿಕ್ಕಿಸಿ ಇಟ್ಟರು. ಆ ಕಾಗದ ಇವತ್ತಿಗೂ ಅಲ್ಲೇ ಇದೆ. ಕೇಳಿದವರು ಎಂಥವರು ಅಂತ ವಿಚಾರಿಸದೆ, ನನಗೆ ಹಿಡಿಸಿದ್ದನ್ನು ಅವರ ತಲೆಗೆ ಕಟ್ಟುತ್ತಿದ್ದೆ, ಅಷ್ಟೇ.

ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬರೆದಿಡೋಣ ಅನ್ನಿಸಿತು. ಮೊದಲ ಐದು ಹಂತಗಳು ಒಬ್ಬರಿಗೊಬ್ಬರು ಪುಸ್ತಕ ಸೂಚಿಸುವುದರ ಬಗ್ಗೆ, ಆಮೇಲಿನ ಮೂರು ಪುಟ್ಟದೊಂದು ಓದುಗರ ಬಳಗ ಕಟ್ಟುವುದರ ಬಗ್ಗೆ. ನಿಮಗೆ ಬಳಗದ ಗೊಡವೆ ಬೇಡವಾದರೆ ಐದಕ್ಕೇ ನಿಲ್ಲಿಸಬಹುದು.

ಏನೇನು ಬೇಕು

ಸಾಮಾನು ಹೆಚ್ಚಿಲ್ಲ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಪಟ್ಟಿಗಳು. ಪುಟಗುರುತಿಗೆ ಲಗ್ನಪತ್ರಿಕೆಯ ದಪ್ಪ ಕಾಗದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬಳಗ ಕಟ್ಟುವುದಾದರೆ ನಿಮ್ಮನ್ನೂ ಸೇರಿಸಿ ನಾಲ್ಕು ಜನ ಸಾಕು. ನೂರಾರು ಪುಸ್ತಕ ಓದಿರಬೇಕು, ಸಾಹಿತ್ಯದ ಎಂ.ಎ. ಆಗಿರಬೇಕು ಅನ್ನುವುದೆಲ್ಲ ಸುಳ್ಳು. ಕಳೆದ ವರ್ಷ ಪೂರ್ತಿ ಓದಿ ಮುಗಿಸಿದ್ದು ಮೂರೇ ಪುಸ್ತಕವಾದರೂ ನಿಮ್ಮ ಹತ್ತಿರ ಹೇಳಲು ಮೂರು ಪುಸ್ತಕದಷ್ಟು ಮಾತಿದೆ.

ಹಂತ 1: ಓದುತ್ತಿರುವಾಗಲೇ ಗುರುತು ಹಾಕಿಕೊಳ್ಳಿ

ಪುಸ್ತಕ ಮುಗಿಸಿ ಹದಿನೈದು ದಿನವಾದ ಮೇಲೆ “ಹೇಗಿತ್ತು?” ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಲ್ಲಿ ಉಳಿದಿರುವುದು “ಚೆನ್ನಾಗಿತ್ತು” ಒಂದೇ. ಆದ್ದರಿಂದ ಓದುವಾಗಲೇ ನಾಲ್ಕು ಸಂಗತಿ ಬರೆದುಕೊಳ್ಳಿ: ಶುರು ಮಾಡಿದ ತಾರೀಖು, ಎಲ್ಲಿ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ, ಎಲ್ಲಿ ಬೇಸರ ಬಂತು, ಯಾವ ಒಂದು ಸಾಲು ಅಥವಾ ದೃಶ್ಯ ಮರುದಿನವೂ ತಲೆಯಲ್ಲಿ ಸುತ್ತುತ್ತಿತ್ತು. ಇಷ್ಟಕ್ಕೆ ಅರ್ಧ ಪುಟ ಹಿಡಿಯುತ್ತದೆ.

ಬೇಸರ ಬಂದ ಜಾಗವನ್ನು ಬರೆಯುವುದನ್ನು ಮಾತ್ರ ತಪ್ಪಿಸಬೇಡಿ. ಮುಂದೆ ಬೇರೆಯವರಿಗೆ ಹೇಳುವಾಗ ಹೆಚ್ಚು ಕೆಲಸಕ್ಕೆ ಬರುವುದು ಅದೇ.

ಇಲ್ಲಿ ಎರಡು ಎಚ್ಚರಿಕೆ. ಗ್ರಂಥಾಲಯದ ಅಥವಾ ಎರವಲು ತಂದ ಪುಸ್ತಕದಲ್ಲಿ ಪೆನ್ಸಿಲ್ ಕೂಡ ಆಡಿಸಬೇಡಿ, ಪಟ್ಟಿ ಇಡಿ. ಇನ್ನೊಂದು, ಬರೀ ಪುಟಸಂಖ್ಯೆ ನಂಬಬೇಡಿ. ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದರೆ ನಿಮ್ಮ 112ನೇ ಪುಟ ಇನ್ನೊಬ್ಬರ 97ನೇ ಪುಟ ಆಗಿರುತ್ತದೆ. ಅಧ್ಯಾಯದ ಸಂಖ್ಯೆಯನ್ನೂ ಜೊತೆಗೆ ಬರೆದುಕೊಳ್ಳಿ.

ಹಂತ 2: ಪುಸ್ತಕ ಹೇಳುವ ಮುಂಚೆ ಕೇಳಿದವರನ್ನು ವಿಚಾರಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಯಿಲೆ ಏನೆಂದು ಕೇಳದೆ ಕಷಾಯ ಕೊಡುವ ಅಜ್ಜಿ ಕೂಡ ಸಿಗಲಾರಳು. ನಾವು ಮಾತ್ರ ಯಾರೆಂದು ನೋಡದೆ ಪುಸ್ತಕ ಹೇಳಿಬಿಡುತ್ತೇವೆ.

ಮೊದಲು ಕೇಳಬೇಕಾದ್ದು, “ಕೊನೆಗೆ ಪೂರ್ತಿ ಓದಿ ಮುಗಿಸಿದ ಪುಸ್ತಕ ಯಾವುದು?” ಇಷ್ಟದ ಪುಸ್ತಕ ಯಾವುದು ಅಂತ ಕೇಳಬೇಡಿ. ಇಷ್ಟದ್ದು ಕೇಳಿದರೆ ಜನ ದೊಡ್ಡ ಹೆಸರುಗಳನ್ನು ಹೇಳುತ್ತಾರೆ, ಮುಗಿಸಿದ್ದು ಕೇಳಿದರೆ ನಿಜ ಹೇಳುತ್ತಾರೆ. ಆಮೇಲೆ, “ಅರ್ಧಕ್ಕೆ ಬಿಟ್ಟದ್ದು ಯಾವುದು, ಯಾಕೆ?” ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಸುಳಿವು ಸಿಗುವುದು ಈ ಪ್ರಶ್ನೆಯಿಂದ. “ಪಾತ್ರಗಳ ಹೆಸರೇ ತಲೆಗೆ ಹೋಗ್ಲಿಲ್ಲ” ಅಂದವರಿಗೆ ಮೂರು ತಲೆಮಾರಿನ ಕಾದಂಬರಿ ಬೇಡ. “ಬರೀ ಗೋಳು” ಅಂದವರಿಗೆ ಲಲಿತ ಪ್ರಬಂಧದಿಂದ ಶುರು ಮಾಡಿಸಿ. ದಿನನಿತ್ಯದ ಸಣ್ಣ ಸಂಗತಿಯನ್ನು ಹಿಡಿದು ಹರಟೆಯ ಧಾಟಿಯಲ್ಲಿ ಬರೆದ ಬರಹಕ್ಕೆ ನಮ್ಮಲ್ಲಿ ಲಲಿತ ಪ್ರಬಂಧ ಎನ್ನುತ್ತಾರೆ. ಓದು ಬಿಟ್ಟು ಬಹಳ ವರ್ಷವಾದವರನ್ನು ಮತ್ತೆ ಒಳಗೆ ಕರೆತರಲು ಅದರಷ್ಟು ಸಲೀಸಾದ ಬಾಗಿಲು ಇನ್ನೊಂದಿಲ್ಲ.

ಮೂರನೆಯದು ಹೊತ್ತಿನದು: “ಯಾವಾಗ ಓದ್ತೀರಿ?” ದಿನಾ ಮೆಟ್ರೊದಲ್ಲಿ ನಲವತ್ತು ನಿಮಿಷ ಕೂರಲು ಜಾಗ ಸಿಗುವವರು ಬೇರೆ, ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲುವವರು ಬೇರೆ. ಎರಡನೆಯವರಿಗೆ ಆರುನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಹೇಳುವುದು ಕ್ರೌರ್ಯ. ಅವರಿಗೆ ಸಣ್ಣಕಥೆ, ಇಲ್ಲದಿದ್ದರೆ ಕೇಳುವ ಪುಸ್ತಕ ಸೂಚಿಸಿ. ಆಡಿಯೊ ಬುಕ್, ಅಂದರೆ ಯಾರೋ ಓದಿ ಧ್ವನಿಮುದ್ರಿಸಿದ ಪುಸ್ತಕ, ಈಗ ಕನ್ನಡದಲ್ಲೂ ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತದೆ. ಲೆಕ್ಕ ಹಾಕಿಯೂ ತೋರಿಸಿ: ದಿನಕ್ಕೆ ಇಪ್ಪತ್ತು ಪುಟವಾದರೆ 240 ಪುಟದ ಕಾದಂಬರಿ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಈ ಸಂಖ್ಯೆ ಕೇಳಿದ ತಕ್ಷಣ ಅರ್ಧ ಹೆದರಿಕೆ ಇಳಿದಿರುತ್ತದೆ.

ಬೆಂಗಳೂರಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಸ್ವಲ್ಪ ನಾಜೂಕಿನದು. ಮನೆಯಲ್ಲಿ ಚೊಕ್ಕ ಕನ್ನಡ ಮಾತಾಡುವ, ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಜನಕ್ಕೆ ಕನ್ನಡ ಅಕ್ಷರ ಓದುವುದು ನಿಧಾನ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾರೆ, ಹೇಳಿಕೊಳ್ಳಲು ನಾಚಿಕೆ. “ಕನ್ನಡ ಓದಕ್ಕೆ ಬರತ್ತಾ?” ಅಂತ ನೇರ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. “ಕೊನೆಗೆ ಓದಿದ ಕನ್ನಡ ಪುಸ್ತಕ ಯಾವಾಗ?” ಅಂತ ಕೇಳಿ. ಹೈಸ್ಕೂಲಿನ ಪಠ್ಯ ಎಂದರೆ ನಿಮಗೆ ಅರ್ಥವಾಯಿತು. ಅಂಥವರಿಗೆ ದೊಡ್ಡ ಅಕ್ಷರದ, ಚಿಕ್ಕ ವಾಕ್ಯಗಳ, ನೂರು ಪುಟದೊಳಗಿನ ಪುಸ್ತಕ ಹುಡುಕಿ. ಮಕ್ಕಳ ಪುಸ್ತಕ ಮಾತ್ರ ಕೊಡಬೇಡಿ. ನಲವತ್ತರ ಮನುಷ್ಯನಿಗೆ ಮೊಲ-ಆಮೆ ಕೈಗಿತ್ತರೆ ಆತ ಎರಡನೇ ಸಲ ನಿಮ್ಮ ಹತ್ತಿರ ಬರುವುದಿಲ್ಲ.

ಹಂತ 3: ಹೇಳುವ ಮಾತನ್ನು ಕಟ್ಟಿಕೊಳ್ಳಿ

“ಅದ್ಭುತ”, “ಓದಲೇಬೇಕಾದ ಕೃತಿ”, “ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ”: ಈ ಮೂರನ್ನು ನಮ್ಮ ಬಳಗದಲ್ಲಿ ನಿಷೇಧಿಸಿದ್ದೇವೆ. ಇವು ಬೆನ್ನುಡಿಯ ಮಾತುಗಳು. ಬೆನ್ನುಡಿ ಅಂದರೆ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗುವ ಹೊಗಳಿಕೆ. ಅದನ್ನು ಪ್ರಕಾಶಕರು ಆಗಲೇ ಅಚ್ಚು ಹಾಕಿಸಿ ಆಗಿದೆ, ನೀವು ಮತ್ತೆ ಬಾಯಿಪಾಠ ಒಪ್ಪಿಸಬೇಕಾಗಿಲ್ಲ.

ಹಾಗಾದರೆ ಏನು ಹೇಳಬೇಕು? ಒಂದು ಮಾದರಿ ಕೊಡುತ್ತೇನೆ. ಪುಸ್ತಕ ನನ್ನ ಕಲ್ಪನೆಯದು.

“ಇದು ಮಲೆನಾಡಿನ ಒಂದು ಅಡಿಕೆ ತೋಟದ ಮನೆಯ ಕತೆ, 180 ಪುಟ. ಅಣ್ಣತಮ್ಮಂದಿರು ಹಿಸ್ಸೆ ಆಗುವುದೇ ವಿಷಯ. ಮೊದಲ ಮೂವತ್ತು ಪುಟದಲ್ಲಿ ಬರೀ ಮನೆ, ತೋಟ, ಮಳೆ, ನಿಧಾನ. ಮೂರನೇ ಅಧ್ಯಾಯದಲ್ಲಿ ಅತ್ತಿಗೆ ಮಾತಾಡಲು ಶುರು ಮಾಡಿದ ಮೇಲೆ ಬಿಡಲಾಗುವುದಿಲ್ಲ. ಹವ್ಯಕ ಮಾತು ಅಲ್ಲಲ್ಲಿ ಬರುತ್ತದೆ, ಊಹೆಗೆ ಸಿಗುತ್ತದೆ. ಆಸ್ತಿ ಜಗಳ ಮನೆಯಲ್ಲೇ ನಡೀತಿದ್ದರೆ ಈಗ ಓದಬೇಡಿ, ಮುಗಿದ ಮೇಲೆ ಓದಿ.”

ಎಷ್ಟು ಪುಟ, ಎಂಥ ಭಾಷೆ, ಎಲ್ಲಿ ನಿಧಾನ, ಎಲ್ಲಿಂದ ಹಿಡಿಯುತ್ತದೆ, ಯಾರಿಗೆ ಬೇಡ ಎಲ್ಲವೂ ಇದರಲ್ಲಿ ಬಂತು. “ಯಾರಿಗೆ ಬೇಡ” ಅನ್ನುವುದನ್ನು ಹೇಳಿದರೆ ಪುಸ್ತಕಕ್ಕೆ ಅವಮಾನ ಅಂತ ಹೊಸಬರು ಹಿಂಜರಿಯುತ್ತಾರೆ. ಆದರೆ ಕೇಳುವವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದು ಸರಿಯಾಗಿ ಅಲ್ಲೇ. ಇತ್ತೀಚೆಗೆ ತಾಯಿಯನ್ನು ಕಳೆದುಕೊಂಡವರಿಗೆ ಆಸ್ಪತ್ರೆಯಲ್ಲೇ ಸಾಗುವ ಕಾದಂಬರಿಯನ್ನು ಎಚ್ಚರಿಕೆ ಇಲ್ಲದೆ ಕೊಟ್ಟು ನಾನು ಪಟ್ಟ ಪಶ್ಚಾತ್ತಾಪ ನಿಮಗೆ ಬೇಡ.

ಕತೆಯ ಗುಟ್ಟು ಒಡೆಯುವ ವಿಷಯ. ಇದಕ್ಕೆ ಈಗಿನವರು ಸ್ಪಾಯ್ಲರ್ ಅನ್ನುತ್ತಾರೆ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನನ್ನು ಹೇಳಿಬಿಟ್ಟರೆ ಪುಸ್ತಕದ ಅರ್ಧ ಜೀವ ಹೋದ ಹಾಗೆ. ಮಿಕ್ಕ ಪುಸ್ತಕಗಳಲ್ಲಿ ಮೊದಲ ಕಾಲುಭಾಗದಲ್ಲಿ ನಡೆಯುವುದನ್ನು ಧಾರಾಳವಾಗಿ ಹೇಳಬಹುದು, ಅದರಾಚೆ ಕೇಳುವವರ ಅಪ್ಪಣೆ ಪಡೆಯಿರಿ. ನನಗನ್ನಿಸುವಂತೆ ಈ ಗುಟ್ಟಿನ ಭಯ ನಮ್ಮಲ್ಲಿ ಈಚೆಗೆ ವಿಪರೀತವಾಗಿದೆ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ತಲೆತಲಾಂತರದಿಂದ ಜನ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕೂಟಕ್ಕೆ, ಬಂದು ಕೂತು ಕಣ್ಣೊರೆಸಿಕೊಂಡಿದ್ದಾರೆ.

ಇನ್ನೊಂದು ಮಾತು. ಒಬ್ಬರಿಗೆ ಒಂದೇ ಪುಸ್ತಕ ಹೇಳಿ. ಹೆಚ್ಚೆಂದರೆ ಎರಡು. ಹತ್ತರ ಪಟ್ಟಿ ಕೊಟ್ಟರೆ ಅದನ್ನು ಮೊಬೈಲಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಓದುವುದಿಲ್ಲ.

ಹಂತ 4: ಹೇಳಿದ ಪುಸ್ತಕ ಸಿಗುತ್ತದೆಯೇ ನೋಡಿಕೊಳ್ಳಿ

ಕನ್ನಡದಲ್ಲಿ ಪುಸ್ತಕ ಸೂಚಿಸುವವರು ಬೀಳುವ ದೊಡ್ಡ ಗುಂಡಿ ಇದು. ನೀವು ಇಪ್ಪತ್ತು ವರ್ಷದ ಹಿಂದೆ ಓದಿ ಮೆಚ್ಚಿದ ಪುಸ್ತಕ ಈಗ ಅಚ್ಚಿನಲ್ಲೇ ಇಲ್ಲದಿರಬಹುದು. ಪುಸ್ತಕದ ಒಳಪುಟದಲ್ಲಿ, ಶೀರ್ಷಿಕೆಯ ಹಾಳೆಯ ಹಿಂಬದಿ, ಮುದ್ರಣದ ವಿವರ ಇರುತ್ತದೆ: ಮೊದಲ ಮುದ್ರಣದ ವರ್ಷ, ಈಗ ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಬೆಲೆ, ಕಾಗದದ ಬಗೆ ಕೂಡ. ‘ಡೆಮಿ 1/8’ ಅಂದರೆ ಪುಸ್ತಕದ ಅಳತೆ, ‘70 ಜಿಎಸ್‌ಎಂ’ ಅಂದರೆ ಕಾಗದ ಚದರ ಮೀಟರಿಗೆ 70 ಗ್ರಾಂ ತೂಗುತ್ತದೆ ಎಂದು. ನಿಮಗೆ ಬೇಕಾದ್ದು ಪ್ರತಿಗಳ ಸಂಖ್ಯೆ ಮತ್ತು ವರ್ಷ. ಒಂದೇ ಮುದ್ರಣ, ಸಾವಿರ ಪ್ರತಿ, ಹದಿನೈದು ವರ್ಷ ಹಿಂದಿನದು ಅಂತಿದ್ದರೆ ಹೊಸ ಪ್ರತಿ ಸಿಗುವುದು ಅನುಮಾನ. ಮೊದಲು ಅಂಗಡಿಗೆ ಫೋನು ಮಾಡಿ, ಆಮೇಲೆ ಹೆಸರು ಹೇಳಿ.

ಪುಸ್ತಕಕ್ಕೆ ಐಎಸ್‌ಬಿಎನ್ ಇದ್ದರೆ ಅದನ್ನೇ ಕಳಿಸಿ. ಅದು ಪುಸ್ತಕದ ಗುರುತಿನ ಸಂಖ್ಯೆ, 2007ರಿಂದೀಚೆಗೆ 13 ಅಂಕಿಗಳದ್ದು. ಒಂದೇ ಹೆಸರಿನ ಎರಡು ಪುಸ್ತಕ, ಒಂದೇ ಪುಸ್ತಕದ ಸಂಗ್ರಹ ಆವೃತ್ತಿ ಮತ್ತು ಪೂರ್ಣ ಆವೃತ್ತಿ, ಇವುಗಳ ಗೊಂದಲ ತಪ್ಪುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಇರುವುದಿಲ್ಲ. ಆಗ ಲೇಖಕರು, ಪ್ರಕಾಶಕರು, ವರ್ಷ ಮೂರನ್ನೂ ಹೇಳಿ.

ಊರಿನಲ್ಲಿ ಎಲ್ಲಿ ಹುಡುಕುವುದು? ಹೊಸ ಕನ್ನಡ ಪುಸ್ತಕಕ್ಕೆ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳು. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಸಿಗುತ್ತವೆ, ಬೆಲೆಯೂ ಕೈಗೆಟುಕುವಂಥದ್ದು. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ನೆಪದಲ್ಲಿ ಹಲವು ಕಡೆ ರಿಯಾಯಿತಿ ಇರುತ್ತದೆ. ಬಳಗಕ್ಕೆ ಒಟ್ಟಿಗೆ ಪ್ರತಿಗಳನ್ನು ಕೊಳ್ಳುವವರು ಅದಕ್ಕೆ ಕಾಯುವುದು ಜಾಣತನ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಹೆಸರಾಗಿರುವುದು ಇಂಗ್ಲಿಷಿಗೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲಿನಲ್ಲಿ ಪಠ್ಯಪುಸ್ತಕಗಳದ್ದೇ ರಾಜ್ಯಭಾರ, ಆದರೂ ಪುರುಸೊತ್ತು ಇದ್ದರೆ ಕೆದಕಬಹುದು.

ಅಂಗಡಿಯಲ್ಲಿ ಸಿಗದಿದ್ದರೆ ಗ್ರಂಥಾಲಯ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಇದು. ದುಡ್ಡು ಕಟ್ಟಿಯೂ ಬಡಾವಣೆಯ ಗ್ರಂಥಾಲಯಕ್ಕೆ ಪೇಪರ್ ಓದಲಾದರೂ ಕಾಲಿಡದವರು ನಮ್ಮಲ್ಲಿ ತುಂಬಾ ಜನ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು, ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಎನ್.ಆರ್. ಕಾಲೊನಿಯಲ್ಲಿ ಡಿ.ವಿ.ಜಿ. ಅದೇ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಈ ಮೂರರ ಪುಸ್ತಕ ಸಂಗ್ರಹಗಳೂ ಹಳೆಯವು. ಹೋಗುವ ಮುನ್ನ ಸಮಯ, ಸದಸ್ಯತ್ವದ ನಿಯಮ ವಿಚಾರಿಸಿಕೊಳ್ಳಿ. ರಜೆ ದಿನ ಹೋಗಿ ಬೀಗ ನೋಡಿ ಬರುವುದು ಓದುಗರ ಹಳೆಯ ಚಾಳಿ.

ಹಂತ 5: ‘ಪಿಡಿಎಫ್ ಇದ್ಯಾ?’

ಪುಸ್ತಕದ ಹೆಸರು ಹೇಳಿ ಬಾಯಿ ಮುಚ್ಚುವ ಮುನ್ನ ಬರುವ ಪ್ರಶ್ನೆ. ಉತ್ತರ ಸರಳ: ಹಕ್ಕುಸ್ವಾಮ್ಯ ಮುಗಿದಿದ್ದರೆ ಹಂಚಿ, ಇಲ್ಲದಿದ್ದರೆ ಬೇಡ. ಹಕ್ಕುಸ್ವಾಮ್ಯ ಅಂದರೆ ಕೃತಿಯನ್ನು ಅಚ್ಚು ಹಾಕುವ, ಪ್ರತಿ ಮಾಡಿ ಹಂಚುವ ಹಕ್ಕು. ನಮ್ಮ ದೇಶದ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಅದು ಉಳಿಯುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹ ಈಗ ಎಲ್ಲರ ಸೊತ್ತು. ಗೋವಿಂದ ಪೈಗಳು 1963ರಲ್ಲಿ ಹೋದರು, 2024ರ ಜನವರಿಗೆ ಅವರದ್ದೂ ಮುಕ್ತ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಕುವೆಂಪು 1994ರಲ್ಲಿ. ಅವರ ಪುಸ್ತಕಗಳ ಸ್ಕ್ಯಾನ್ ಹಂಚಲು ಇನ್ನೂ ಕಾಲ ಬಂದಿಲ್ಲ.

ಅನುವಾದದಲ್ಲಿ ಹುಷಾರಾಗಿರಿ. ಮೂಲ ಕೃತಿ ಎಷ್ಟೇ ಹಳೆಯದಾದರೂ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಚರ್ಚೆಗೆಂದು ಒಂದೆರಡು ಪ್ಯಾರಾ ಉಲ್ಲೇಖಿಸುವುದು, ವಿಮರ್ಶೆಯಲ್ಲಿ ಸಾಲು ಎತ್ತಿ ಬರೆಯುವುದು ತಪ್ಪಲ್ಲ; ಪ್ರತಿ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕುವುದು ತಪ್ಪು. ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯುವ ಪ್ರಕಾಶಕರಿರುವ ಭಾಷೆ ನಮ್ಮದು. ಅಂಥಲ್ಲಿ ಐವತ್ತು ಜನರ ಗುಂಪಿಗೆ ಕಳಿಸಿದ ಒಂದು ಪಿಡಿಎಫ್ ಚಿಲ್ಲರೆ ಪೆಟ್ಟಲ್ಲ.

ಹಂತ 6: ಜನ, ಜಾಗ, ಹೊತ್ತು

ಇನ್ನು ಬಳಗ. ಮೊದಲು ಜನ. ನಾಲ್ಕರಿಂದ ಎಂಟು ಅಂತ ಇಟ್ಟುಕೊಳ್ಳಿ. ಹನ್ನೆರಡು ದಾಟಿದರೆ ಮೂರು ಜನ ಮಾತಾಡುತ್ತಾರೆ, ಉಳಿದವರು ಸಭಿಕರಾಗುತ್ತಾರೆ. ಆಮೇಲೆ ಯಾರೋ ಒಬ್ಬರು ಹೂಗುಚ್ಛ ತರುತ್ತಾರೆ, ಇನ್ನೊಬ್ಬರು ಸ್ವಾಗತ ಭಾಷಣ ಮಾಡುತ್ತಾರೆ. ಅಷ್ಟಾದರೆ ಬಳಗ ಹೋಗಿ ಕಾರ್ಯಕ್ರಮ ಆಯಿತು ಎಂದು ತಿಳಿಯಿರಿ. ಅಪಾರ್ಟ್‌ಮೆಂಟಿನ ನೆರೆಯವರು, ಆಫೀಸಿನ ಊಟದ ಜೊತೆಗಾರರು, ಬೆಳಗಿನ ವಾಕಿಂಗ್ ಗೆಳೆಯರು, ಇವರಲ್ಲೇ ನಾಲ್ವರು ಸಿಗುತ್ತಾರೆ. ಯಾರೂ ಗೊತ್ತಿಲ್ಲವಾದರೆ ಕಬ್ಬನ್ ಪಾರ್ಕಿಗೆ ಒಂದು ಶನಿವಾರ ಬೆಳಿಗ್ಗೆ ಹೋಗಿ ಬನ್ನಿ. ‘ಕಬ್ಬನ್ ರೀಡ್ಸ್’ ಹೆಸರಲ್ಲಿ 2023ರ ಜನವರಿಯಲ್ಲಿ ಅಲ್ಲಿ ಶುರುವಾದ ಮೌನ ಓದು ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಚಾಪೆ ಹಾಸಿ, ಮರದ ಕೆಳಗೆ ಕೂತು ತಮ್ಮ ಪಾಡಿಗೆ ಓದುತ್ತಾರೆ. ಚರ್ಚೆಯ ಒತ್ತಡವಿಲ್ಲ. ಅಲ್ಲಿ ಪಕ್ಕದ ಚಾಪೆಯಲ್ಲಿ ಕನ್ನಡ ಪುಸ್ತಕ ಕಂಡರೆ “ಇದು ಹೇಗಿದೆ?” ಅಂತ ಕೇಳುವುದಕ್ಕೆ ಪರಿಚಯಪತ್ರ ಬೇಕಿಲ್ಲ. ಓದು ಮುಗಿಸಿ ಏಳುವಾಗ ಕೇಳಿ, ನಡುವೆ ಅಲ್ಲ.

ಜಾಗ ಆರಿಸುವಾಗ ದಾರಿಯನ್ನು ಮೊದಲು ನೋಡಿ. ಈ ಊರಿನಲ್ಲಿ ಓದುಗರ ಬಳಗಗಳನ್ನು ಕೊಂದದ್ದು ಜಗಳಕ್ಕಿಂತ ಹೆಚ್ಚಾಗಿ ಸಿಲ್ಕ್ ಬೋರ್ಡು ಮತ್ತು ಹೆಬ್ಬಾಳದ ಟ್ರಾಫಿಕ್ಕು. ಎಲ್ಲರಿಗೂ ಮೆಟ್ರೊದಲ್ಲಿ ಬರಲಾಗುವ ಜಾಗವಿರಲಿ: ನೇರಳೆ ಮಾರ್ಗದವರಿಗೆ ಕಬ್ಬನ್ ಪಾರ್ಕ್ ನಿಲ್ದಾಣ, ಹಸಿರು ಮಾರ್ಗದವರಿಗೆ ಲಾಲ್‌ಬಾಗ್ ಅಥವಾ ನ್ಯಾಷನಲ್ ಕಾಲೇಜು, ಎರಡೂ ಮಾರ್ಗ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. ಉದ್ಯಾನದಲ್ಲಿ ಸೇರುವುದಾದರೆ ಬ್ಯಾನರ್, ಮೈಕು, ತಿಂಡಿಯ ಡಬ್ಬಿ ಬೇಡ. ನಾಲ್ಕು ಜನ ಕೂತು ಮೆತ್ತಗೆ ಮಾತಾಡಿದರೆ ಯಾರ ತಕರಾರೂ ಇರುವುದಿಲ್ಲ. ಹೋಟೆಲಾದರೆ ದರ್ಶಿನಿ ಬೇಡವೇ ಬೇಡ. ನಿಂತು ತಿನ್ನುವ ಜಾಗದಲ್ಲಿ ಕಾದಂಬರಿ ಚರ್ಚೆಯಾಗುವುದಿಲ್ಲ. ಯಾರದಾದರೂ ಮನೆ ಆದೀತು, ಆದರೆ ಸರದಿ ಮೇಲೆ. ಪ್ರತಿ ಸಲ ಒಂದೇ ಮನೆಯಾದರೆ ಆ ಮನೆಯಲ್ಲಿ ಕಾಫಿ ಮಾಡುವವರು ಪುಸ್ತಕ ದ್ವೇಷಿಯಾಗುತ್ತಾರೆ.

ಹೊತ್ತು ಬೆಳಿಗ್ಗೆಯದು. ಏಪ್ರಿಲ್-ಮೇ ತಿಂಗಳ ಸಂಜೆ ಮಳೆ, ಸೆಪ್ಟೆಂಬರ್-ಅಕ್ಟೋಬರ್ ಮಳೆ ಎರಡೂ ನಿಮ್ಮ ಸಂಜೆಯ ಕೂಟವನ್ನು ತೊಳೆದುಹಾಕುತ್ತವೆ. ‘ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ’ ಅಂತ ಒಮ್ಮೆ ನಿಗದಿ ಮಾಡಿ, ಆಮೇಲೆ ಯಾರು ಏನೇ ಅಂದರೂ ಬದಲಿಸಬೇಡಿ. “ಈ ತಿಂಗಳು ಎಲ್ಲರಿಗೂ ಯಾವಾಗ ಅನುಕೂಲ?” ಅಂತ ಕೇಳಿದ ಬಳಗ ಮೂರು ತಿಂಗಳಲ್ಲಿ ಮಲಗುತ್ತದೆ, ಎರಡು ಸಲ ಕಣ್ಣಾರೆ ಕಂಡಿದ್ದೇನೆ.

ಹಂತ 7: ಕೂಟ ನಡೆಸುವುದು

ಎರಡು ಬಗೆ ಇದೆ. ಎಲ್ಲರೂ ಒಂದೇ ಪುಸ್ತಕ ಓದಿ ಬರುವುದು ಒಂದು, ತಲಾ ಒಂದು ಪುಸ್ತಕ ತಂದು ಪರಿಚಯ ಮಾಡಿಕೊಡುವುದು ಇನ್ನೊಂದು. ಮೊದಲ ಮೂರು ತಿಂಗಳು ಎರಡನೆಯದನ್ನೇ ಮಾಡಿ. ಒಬ್ಬರಿಗೆ ಹತ್ತು ನಿಮಿಷ, ಆರು ಜನಕ್ಕೆ ಒಂದು ಗಂಟೆ, ಮೇಲೆ ಅರ್ಧ ಗಂಟೆ ಹರಟೆ. ಯಾರ ರುಚಿ ಏನು ಅಂತ ತಿಳಿದ ಮೇಲೆ ಒಂದೇ ಪುಸ್ತಕಕ್ಕೆ ಬನ್ನಿ, ಅದೂ ಇನ್ನೂರು ಪುಟದೊಳಗಿನದು. ಶುರುವಿನಲ್ಲೇ ಮಹಾಕಾದಂಬರಿ ಎತ್ತಿಕೊಂಡರೆ ಎರಡನೇ ತಿಂಗಳು ಎಲ್ಲರಿಗೂ ಊರಲ್ಲಿ ಮದುವೆ ಇರುತ್ತದೆ.

ಶುರುವಿಗೆ ಒಂದು ಕ್ರಮ ಹೇಳುತ್ತೇನೆ, ಗಮಕದಿಂದ ಕದ್ದದ್ದು. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ. ಕಾವ್ಯ ಮೊದಲು, ಅಭಿಪ್ರಾಯ ಆಮೇಲೆ. ಹಾಗೆಯೇ ಪುಸ್ತಕದ ಬಗ್ಗೆ ಏನೇ ಹೇಳುವ ಮುನ್ನ ಅದರಿಂದ ಅರ್ಧ ಪುಟ ಗಟ್ಟಿಯಾಗಿ ಓದಲಿ. ಓದಿದವರೇ ಹೇಳಬೇಕೆಂದಿಲ್ಲ, ಪಕ್ಕದವರು “ನನಗೆ ಇದರಲ್ಲಿ ಕೇಳಿಸಿದ್ದು ಇದು” ಅಂತ ಶುರು ಮಾಡಬಹುದು. ಇದರಿಂದ ಪುಸ್ತಕ ಓದದೆ ಬಂದವರಿಗೂ ಮಾತಾಡಲು ಏನಾದರೂ ಸಿಗುತ್ತದೆ. ಅಕ್ಷರ ನಿಧಾನ ಇರುವವರು ಕೇಳಿಸಿಕೊಂಡೇ ಭಾಗವಹಿಸಬಹುದು, ಕಿವಿಗೆ ಒತ್ತಕ್ಷರದ ಕಷ್ಟ ಇಲ್ಲ.

ಬೆಂಗಳೂರಿನ ಬಳಗಕ್ಕೆ ಇದರಿಂದ ಇನ್ನೊಂದು ಲಾಭ. ಕನ್ನಡದ ಎಷ್ಟೋ ಒಳ್ಳೆಯ ಕತೆ ಕಾದಂಬರಿಗಳ ಸಂಭಾಷಣೆ ಧಾರವಾಡದ್ದು, ಕಲಬುರಗಿಯದ್ದು, ಕುಂದಾಪುರದ್ದು, ಮಂಡ್ಯದ್ದು. ಮೌನವಾಗಿ ಓದಿದರೆ ಬೇರೆ ಸೀಮೆಯವರಿಗೆ ಅದು ಕಲ್ಲು ಕಡಿದಂತೆ. ಆದರೆ ಈ ಊರಿಗೆ ಎಲ್ಲ ಸೀಮೆಯವರೂ ಬಂದು ಸೇರಿದ್ದೇವಲ್ಲ! ನಿಮ್ಮ ಎಂಟು ಜನರಲ್ಲಿ ಒಬ್ಬರಾದರೂ ಬಡಗಣದವರು, ಒಬ್ಬರಾದರೂ ಕರಾವಳಿಯವರು ಇದ್ದೇ ಇರುತ್ತಾರೆ. ಆಯಾ ಭಾಗವನ್ನು ಆಯಾ ಸೀಮೆಯವರಿಂದ ಓದಿಸಿ. ಹತ್ತು ಸಾಲು ಕಿವಿಗೆ ಬಿದ್ದ ಮೇಲೆ ಉಳಿದದ್ದನ್ನು ನೀವೇ ಅದೇ ಧಾಟಿಯಲ್ಲಿ ಓದಿಕೊಂಡು ಹೋಗುತ್ತೀರಿ. ಆಫೀಸಿನಲ್ಲಿ ತನ್ನ ಊರ ಮಾತನ್ನು ಅಡಗಿಸಿಟ್ಟುಕೊಂಡವರೊಬ್ಬರು ಇಲ್ಲಿ ಅದನ್ನು ಗತ್ತಿನಿಂದ ಓದಿದ್ದನ್ನು ಕೇಳಿದ ಮೇಲೆ ನಾವು ಈ ಪದ್ಧತಿ ಬಿಟ್ಟಿಲ್ಲ.

ಮುಂದೆ ಬರುವ ತೊಂದರೆಗಳನ್ನೂ ಹೇಳಿಬಿಡುತ್ತೇನೆ.

ಒಬ್ಬರೇ ಮಾತಾಡುವುದು. ಎಲ್ಲ ಬಳಗದಲ್ಲೂ ಒಬ್ಬರಿರುತ್ತಾರೆ, ಅನೇಕ ಸಲ ಅದು ಬಳಗ ಕಟ್ಟಿದವರೇ. ಹತ್ತು ನಿಮಿಷಕ್ಕೆ ಮೊಬೈಲಿನಲ್ಲಿ ಗಂಟೆ ಇಡಿ. ಮನುಷ್ಯರು ತಡೆದರೆ ಮುನಿಸು, ಗಂಟೆ ತಡೆದರೆ ನಗು.

ಜಾತಿ, ರಾಜಕೀಯದ ಜಗಳ. ಇವನ್ನು ಬಿಟ್ಟು ಕನ್ನಡ ಸಾಹಿತ್ಯ ಮಾತಾಡಲಾಗದು, ಬಿಡಬೇಕಾಗಿಯೂ ಇಲ್ಲ. ಒಂದೇ ನಿಯಮ: ಮಾತಿಗೆ ಪುಸ್ತಕದ ಪುಟ ತೋರಿಸಬೇಕು. “ಈ ಲೇಖಕರೇ ಹೀಗೆ” ಅಂದರೆ “ಯಾವ ಪುಟದಲ್ಲಿ?” ಎಂದು ಕೇಳಿ. ಪುಟ ಸಿಕ್ಕಿದರೆ ಅದು ಚರ್ಚೆ, ಸಿಗದಿದ್ದರೆ ಮುಂದಿನ ಪುಸ್ತಕ.

ಲೇಖಕರನ್ನು ಕರೆಯುವುದು. ಉತ್ಸಾಹ ಒಳ್ಳೆಯದು, ಆದರೆ ಚರ್ಚೆ ಮುಗಿದ ಮುಂದಿನ ತಿಂಗಳು ಕರೆಯಿರಿ. ಎದುರಿಗೆ ಬರೆದವರು ಕೂತಿದ್ದರೆ “ನಡುವೆ ಬೋರಾಯ್ತು” ಅನ್ನುವ ಕನ್ನಡಿಗ ಇನ್ನೂ ಹುಟ್ಟಿಲ್ಲ.

ಓದದೆ ಬಂದವರು. ಬೈಯಬೇಡಿ. “ಎಲ್ಲಿವರೆಗೆ ಬಂದಿರಿ, ಯಾಕೆ ನಿಂತಿತು?” ಅಂತ ಕೇಳಿ. ಮೂವರು ಒಂದೇ ಅಧ್ಯಾಯದಲ್ಲಿ ನಿಂತಿದ್ದರೆ ಅವತ್ತಿನ ಚರ್ಚೆಗೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಹಂತ 8: ಪುಸ್ತಕ ಕೊಡುವುದು, ತಗೊಳ್ಳುವುದು

‘ಪುಸ್ತಕಂ ವನಿತಾ ವಿತ್ತಂ ಪರಹಸ್ತಂ ಗತಂ ಗತಂ’ ಅಂತ ಹಳೆಯ ಸುಭಾಷಿತ. ಕೈಬಿಟ್ಟು ಹೋದದ್ದು ಹೋದಂತೆಯೇ ಅಂತ ಅದರ ತಾತ್ಪರ್ಯ. ನಡುವಿನ ಪದ ಈ ಕಾಲಕ್ಕೆ ಬೇಡ, ಪುಸ್ತಕದ ಮಟ್ಟಿಗೆ ಮಾತ್ರ ನಿಜ. ಬಳಗದಲ್ಲಿ ಮುನಿಸು ಹುಟ್ಟುವುದು ಅಭಿಪ್ರಾಯ ಭೇದದಿಂದ ಕಡಿಮೆ, ವಾಪಸು ಬರದ ಪುಸ್ತಕದಿಂದ ಹೆಚ್ಚು.

ಹೀಗೆ ಮಾಡಿ. ಒಂದೇ ನೋಟ್‌ಬುಕ್, ಐದು ಕಾಲಂ: ಪುಸ್ತಕ, ಯಾರದ್ದು, ಯಾರಿಗೆ, ಕೊಟ್ಟ ದಿನ, ಬಂದ ದಿನ. ಬರೆಯುವ ಕೆಲಸ ಒಬ್ಬರದ್ದೇ. ಪುಸ್ತಕದ ಮೊದಲ ಹಾಳೆಯಲ್ಲಿ ಮಾಲೀಕರ ಹೆಸರಿರಲಿ, ಕೊಡುವಾಗ ಮುಖಪುಟದ ಫೋಟೊ ತೆಗೆದಿಡಿ. ಅವಧಿ ಎರಡು ಕೂಟ, ಅಂದರೆ ಎರಡು ತಿಂಗಳು. ಎರಡನೇ ಕೂಟದಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿ. ಯಾರನ್ನೂ ನೋಡಬೇಡಿ, ಪಟ್ಟಿ ಓದಿ ಸಾಕು. ಲೇಖಕರ ಹಸ್ತಾಕ್ಷರ ಇರುವ ಪ್ರತಿ, ಅಚ್ಚಿನಲ್ಲಿಲ್ಲದ ಪ್ರತಿ, ಅಪ್ಪ ಕೊಡಿಸಿದ ಪ್ರತಿ, ಇವನ್ನು ಕೊಡಬೇಡಿ. “ಇದು ಮನೆಯಲ್ಲೇ ಬಂದು ಓದಿ, ಕಾಫಿ ಕೊಡ್ತೀನಿ” ಅನ್ನುವುದರಲ್ಲಿ ಸಂಕೋಚ ಬೇಡ.

ನೀವು ಎರವಲು ತಂದದ್ದನ್ನು ಮೂರನೆಯವರಿಗೆ ದಾಟಿಸಬೇಡಿ, ಎಷ್ಟೇ ಹತ್ತಿರದವರಾಗಲಿ. ಕಳೆದರೆ ಹೊಸ ಪ್ರತಿ ಕೊಂಡುಕೊಡಿ. ಸಿಗದಿದ್ದರೆ ಹಳೆ ಪ್ರತಿ ಹುಡುಕಿಕೊಡಿ. ಹಾಗೆ ನಾನು ಕಳೆದದ್ದೊಂದು ಕಥಾಸಂಕಲನಕ್ಕೆ ಬದಲಿ ಸಿಗಲು ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಸಿಕ್ಕಿದ್ದು ಅವೆನ್ಯೂ ರಸ್ತೆಯಲ್ಲಿ, ಎಂಜಿನಿಯರಿಂಗ್ ಗೈಡುಗಳ ಅಡಿಯಲ್ಲಿ, ನಲವತ್ತು ರೂಪಾಯಿಗೆ.

ಮಾರ್ಚ್ ತಿಂಗಳು ಮಕ್ಕಳ ಪರೀಕ್ಷೆ. ಆಗ ಇಬ್ಬರೇ ಬರುತ್ತಾರೆ. ಕೂಟ ರದ್ದು ಮಾಡಬೇಡಿ, ಕಾದಂಬರಿಯ ಬದಲು ಒಂದು ಸಣ್ಣಕಥೆ ತಗೊಂಡು ಹೋಗಿ. ಇಬ್ಬರೂ ಸರದಿಯಲ್ಲಿ ಗಟ್ಟಿಯಾಗಿ ಓದಿದರೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಏಪ್ರಿಲಿನ ತಾರೀಖನ್ನು ಅವತ್ತೇ ಎಲ್ಲರಿಗೂ ಕಳಿಸಿಬಿಡಿ.